ಪಡ್ರೆಯ ಮಕ್ಕಳ ರಕ್ತ ಹೇಳಿದ್ದನ್ನು ಜಹೀರಾಬಾದ್, ತಾಂಡೂರು ಕೇಳಿಸಿಕೊಳ್ಳಬೇಕು

2024ರ ಆಗಸ್ಟ್ ತಿಂಗಳಲ್ಲಿ ಕೇಂದ್ರ ಸಂಪುಟ ದೇಶದಲ್ಲಿ 12 ಹೊಸ ಕೈಗಾರಿಕಾ ನಗರಗಳಿಗೆ ಒಪ್ಪಿಗೆ ಕೊಟ್ಟಿತು. ಆ ಪಟ್ಟಿಯಲ್ಲಿ ತೆಲಂಗಾಣದ ಜಹೀರಾಬಾದ್ ಕೂಡಾ ಇದೆ. ಮೊದಲ ಹಂತಕ್ಕೆ 3,245 ಎಕರೆ ಜಾಗ, 2,361 ಕೋಟಿ ರೂಪಾಯಿ ವೆಚ್ಚ. ಅದೇ ಹೊತ್ತಿಗೆ ಪಕ್ಕದ ನ್ಯಾಲ್ಕಲ್ ಮಂಡಲದ ಡಪ್ಪೂರು, ಮಲ್ಗಿ, ವಡ್ಡಿ ಗ್ರಾಮಗಳ ಸುಮಾರು 2,000 ಎಕರೆ ಜಾಗದಲ್ಲಿ ಔಷಧ ಕಾರ್ಖಾನೆಗಳ ಸಮೂಹ ಕಟ್ಟಬೇಕು ಅಂತ ರಾಜ್ಯ ಸರಕಾರ ಹೊರಟಿತು. ರೈತರು ಬೀದಿಗಿಳಿದರು. 'ಫಾರ್ಮಾ ಬೇಡ, ನಮ್ಮ ಹೊಲ ನಮಗಿರಲಿ' ಅನ್ನುವುದು ಅವರ ಮಾತಾಗಿತ್ತು.

ದಕ್ಷಿಣಕ್ಕೆ ತಾಂಡೂರಿನ ಕಡೆ ಬಂದರೆ ವಿಷಯ ಇನ್ನೂ ಬಿಸಿಯಾಗಿತ್ತು. ಮುಖ್ಯಮಂತ್ರಿ ರೇವಂತ್ ರೆಡ್ಡಿಯವರ ಕೊಡಂಗಲ್ ಕ್ಷೇತ್ರದ ಲಗಚರ್ಲಾದಲ್ಲಿ 2024ರ ನವೆಂಬರ್ 11ರಂದು ಭೂಸ್ವಾಧೀನದ ಸಭೆಗೆ ಬಂದ ಅಧಿಕಾರಿಗಳ ಮೇಲೆ ಹಲ್ಲೆ ನಡೆಯಿತು. ಹಲ್ಲೆಯನ್ನು ಯಾರೂ ಒಪ್ಪುವುದಿಲ್ಲ. ಆದರೆ ಆಮೇಲೆ ಲಂಬಾಣಿ ತಾಂಡಾಗಳ ರೈತರು ಜೈಲು ಸೇರಿದರು, ವಿಷಯ ದಿಲ್ಲಿಯವರೆಗೂ ಹೋಯಿತು, ತಿಂಗಳು ಮುಗಿಯುವ ಮೊದಲೇ ಸರಕಾರ ಫಾರ್ಮಾ ವಿಲೇಜ್‌ನ ಅಧಿಸೂಚನೆ ಹಿಂದೆ ತೆಗೆದುಕೊಂಡಿತು. ಬದಲಿಗೆ ಅಲ್ಲಿ ಕೈಗಾರಿಕಾ ಪಾರ್ಕ್ ಮಾಡುತ್ತೇವೆ ಅಂದಿತು. ಹೆಸರು ಬದಲಾಯಿತು, ಜಾಗ ಬೇಕು ಅನ್ನುವುದು ಬದಲಾಗಲಿಲ್ಲ.

ಈ ಊರುಗಳು ನಮಗೆ ಪರಕೀಯವಲ್ಲ. 1956ರಲ್ಲಿ ರಾಜ್ಯಗಳ ವಿಂಗಡಣೆ ಆಗುವವರೆಗೆ ಜಹೀರಾಬಾದ್, ನಾರಾಯಣಖೇಡ್ ಬೀದರ್ ಜಿಲ್ಲೆಯ ತಾಲೂಕುಗಳು. ತಾಂಡೂರು, ಕೊಡಂಗಲ್ ಗುಲ್ಬರ್ಗ ಜಿಲ್ಲೆಯವು. ಇವತ್ತಿಗೂ ಅಲ್ಲಿನ ಹಳ್ಳಿಗಳಲ್ಲಿ ಕನ್ನಡ, ತೆಲುಗು, ದಖನಿ ಉರ್ದು ಮೂರೂ ಒಂದೇ ಅಂಗಡಿಯ ಕಟ್ಟೆಯಲ್ಲಿ ಕೇಳುತ್ತವೆ. ಬೇಳೆ ವ್ಯಾಪಾರ ಮಾಡುವವರಿಗೆ ತಾಂಡೂರು ಗೊತ್ತಿಲ್ಲದೆ ಇರಲು ಸಾಧ್ಯವಿಲ್ಲ. ಅಲ್ಲಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಮನೆ ಕಟ್ಟಿದವರಿಗೆ ತಾಂಡೂರು ಕಲ್ಲು ಗೊತ್ತು.

ಈ ಯೋಜನೆಗಳ ಬಗ್ಗೆ ನಡೆದ ಚರ್ಚೆಯನ್ನೆಲ್ಲ ಓದಿದರೆ ಒಂದೇ ರೀತಿಯ ಲೆಕ್ಕ ಕಾಣುತ್ತದೆ. ಎಕರೆಗೆ ಎಷ್ಟು ಪರಿಹಾರ, ಎಷ್ಟು ಜನರಿಗೆ ಕೆಲಸ, ನೀರು ಎಲ್ಲಿಂದ, ವಿಷ ಎಲ್ಲಿಗೆ. ಎಲ್ಲವೂ ಬೇಕಾದ ಪ್ರಶ್ನೆಗಳೇ. ಆದರೆ ಇನ್ನೊಂದು ಲೆಕ್ಕ ಇದೆ, ಅದನ್ನು ಯಾರೂ ಬರೆಯುತ್ತಿಲ್ಲ. ಇನ್ನೂ ಹುಟ್ಟದ ಮಗುವಿನ ಲೆಕ್ಕ. ಅದರಲ್ಲೂ ಗಂಡು ಮಗು ಮುಂದೆ ತಂದೆಯಾಗುವ ಶಕ್ತಿ ಎಲ್ಲಿ ನಿರ್ಧಾರವಾಗುತ್ತದೆ ಅನ್ನುವ ಲೆಕ್ಕ. ಇದು ನಾಚಿಕೆಯ ವಿಷಯ ಅಂತ ನಾವು ಮಾತಾಡುವುದಿಲ್ಲ. ಆದರೆ ಈ ವಿಷಯದಲ್ಲಿ ಜಗತ್ತಿಗೇ ಪಾಠವಾದ ಒಂದು ಊರು ನಮ್ಮ ಪಕ್ಕದಲ್ಲೇ, ಕಾಸರಗೋಡಿನ ಕನ್ನಡ ನೆಲದಲ್ಲಿದೆ. ಅದು ಪಡ್ರೆ.

ಅಡಿಪಾಯದ ಕೆಲವು ವಾರಗಳು

ಮೊದಲು ವಿಜ್ಞಾನದ ಭಾಗವನ್ನು ಸರಳವಾಗಿ ನೋಡೋಣ. ನಾನು ಕಾಮರ್ಸ್ ಓದಿದವನು, ವೈದ್ಯನಲ್ಲ. ಹಾಗಾಗಿ ನನಗೆ ಅರ್ಥವಾದ ಭಾಷೆಯಲ್ಲೇ ಹೇಳುತ್ತೇನೆ.

ಗರ್ಭದಲ್ಲಿ ಮಗು ಮೊದಲ ಕೆಲವು ವಾರ ಗಂಡೂ ಅಲ್ಲ, ಹೆಣ್ಣೂ ಅಲ್ಲ ಅನ್ನುವ ಸ್ಥಿತಿಯಲ್ಲಿ ಬೆಳೆಯುತ್ತದೆ. ಸುಮಾರು ಆರು ಏಳನೇ ವಾರಕ್ಕೆ ವೈ ಕ್ರೋಮೋಸೋಮಿನಲ್ಲಿರುವ ಎಸ್‌ಆರ್‌ವೈ ಅನ್ನುವ ಜೀನ್ ಕೆಲಸ ಶುರು ಮಾಡುತ್ತದೆ. ವಿಜ್ಞಾನಿಗಳು ಅದನ್ನು ಗುರುತಿಸಿದ್ದು 1990ರಲ್ಲಿ. ಆ ಜೀನ್‌ನ ಆಜ್ಞೆಯಂತೆ ಸರ್ಟೋಲಿ ಕಣಗಳು ರೂಪುಗೊಳ್ಳುತ್ತವೆ. ಅವು ಸಾಲಾಗಿ ನಿಂತು ನಾಳಗಳಂತೆ ಕಟ್ಟಿಕೊಳ್ಳುತ್ತವೆ. ಮುಂದೆ ವೀರ್ಯಾಣು ಹುಟ್ಟುವುದು ಅಲ್ಲೇ. ಹೊರಗೆ ಲೇಡಿಗ್ ಕಣಗಳು ಬಂದು ಟೆಸ್ಟೋಸ್ಟಿರಾನ್ ಹಾರ್ಮೋನು ತಯಾರಿಸುತ್ತವೆ. ಅದರ ಬಲದಿಂದ ಮಗುವಿನ ದೇಹ ಗಂಡಿನ ರೂಪಕ್ಕೆ ಬರುತ್ತದೆ, ಹೊಟ್ಟೆಯೊಳಗಿದ್ದ ವೃಷಣಗಳು ಹುಟ್ಟುವ ಹೊತ್ತಿಗೆ ಕೆಳಗಿಳಿದು ಚೀಲಕ್ಕೆ ಬರುತ್ತವೆ.

ಇಲ್ಲಿವರೆಗಿನದು ಹಳೆಯ ಪಾಠ. ಹೊಸದಾಗಿ ಸೇರಿದ್ದು ರೋಗ ನಿರೋಧಕ ಕಣಗಳ ಪಾತ್ರ. ಮ್ಯಾಕ್ರೋಫೇಜ್ ಅನ್ನುವ ಕಣಗಳು ನಮ್ಮ ದೇಹದ ಸಿಪಾಯಿಗಳು, ಬ್ಯಾಕ್ಟೀರಿಯಾ ಬಂದರೆ ನುಂಗುವುದು ಅವುಗಳ ಕೆಲಸ ಅಂತ ಶಾಲೆಯಲ್ಲಿ ಓದಿದ್ದೇವೆ. ಆದರೆ ಇನ್ನೂ ಯಾವ ರೋಗವೂ ಬಾರದ ಭ್ರೂಣದಲ್ಲಿ ಅವುಗಳಿಗೇನು ಕೆಲಸ? 2014ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟೋನಿ ಡಿಫಾಲ್ಕೊ, ಬ್ಲಾಂಚ್ ಕಾಪೆಲ್ ಮತ್ತು ಸಂಗಡಿಗರು ಇಲಿಗಳ ಮೇಲೆ ನಡೆಸಿದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ಭ್ರೂಣದ ಹಳದಿ ಚೀಲದಿಂದ ಹೊರಟ ಮ್ಯಾಕ್ರೋಫೇಜ್‌ಗಳು ರೂಪುಗೊಳ್ಳುತ್ತಿರುವ ವೃಷಣಕ್ಕೆ ಬರುತ್ತವೆ. ರಕ್ತನಾಳಗಳು ಸರಿಯಾಗಿ ಹರಡುವಂತೆ ನೋಡಿಕೊಳ್ಳುತ್ತವೆ. ತಪ್ಪಿದ ಜಾಗದಲ್ಲಿ ಉಳಿದ ಕಣಗಳನ್ನು ತೆರವು ಮಾಡುತ್ತವೆ. ಆ ಮ್ಯಾಕ್ರೋಫೇಜ್‌ಗಳನ್ನು ತೆಗೆದುಹಾಕಿದಾಗ ರಕ್ತನಾಳಗಳೂ, ವೀರ್ಯಾಣು ಹುಟ್ಟಬೇಕಾದ ನಾಳಗಳೂ ಅಡ್ಡಾದಿಡ್ಡಿಯಾದವು. ಅಂದರೆ ಈ ಸಿಪಾಯಿಗಳು ಶಾಂತಿಯ ಕಾಲದಲ್ಲಿ ಮೇಸ್ತ್ರಿಗಳು.

2023ರಲ್ಲಿ ಡಿಫಾಲ್ಕೊ ಅವರದೇ ಸಿನ್ಸಿನಾಟಿಯ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮೊದಲು ಬಂದ ಮ್ಯಾಕ್ರೋಫೇಜ್‌ಗಳು ಸ್ವಲ್ಪ ಕಾಲದ ಅತಿಥಿಗಳು. ದೊಡ್ಡವನಾದ ಮೇಲೂ ವೃಷಣದಲ್ಲಿ ಉಳಿಯುವ ಮ್ಯಾಕ್ರೋಫೇಜ್‌ಗಳ ಮೂಲ ಕಣಗಳು ಭ್ರೂಣದ ಬೆಳವಣಿಗೆಯ ಬಹಳ ಸಣ್ಣ ಅವಧಿಯಲ್ಲೇ ಬಂದು ನೆಲೆಸುತ್ತವೆ. ಹೀಗೆ ಉಳಿದವು ಲೇಡಿಗ್ ಕಣಗಳ ಪಕ್ಕದಲ್ಲೇ ಇದ್ದು ಹಾರ್ಮೋನಿನ ಕೆಲಸದಲ್ಲಿ ಪಾಲು ಪಡೆಯುತ್ತವೆ. ವೀರ್ಯಾಣು ಉತ್ಪತ್ತಿಗೂ ನೆರವಾಗುತ್ತವೆ ಅನ್ನುವುದು 2015ರ ಇನ್ನೊಂದು ಅಧ್ಯಯನದಲ್ಲಿ ಕಂಡಿತ್ತು. ಇವೆಲ್ಲ ಇಲಿಗಳ ಮೇಲಿನ ಕೆಲಸ, ಮನುಷ್ಯರ ಮೇಲಲ್ಲ. ಆದರೆ 'ಸಣ್ಣ ಅವಧಿ' ಅನ್ನುವ ಮಾತು ಮುಖ್ಯ. ಯಾಕೆಂದರೆ ಹಾರ್ಮೋನುಗಳ ಅಧ್ಯಯನದಿಂದಲೂ ಇದೇ ಮಾತು ಬರುತ್ತದೆ. ಬ್ರಿಟನ್‌ನ ರಿಚರ್ಡ್ ಶಾರ್ಪ್, ಮಿಶೆಲ್ ವೆಲ್ಶ್ ತಂಡ 2008ರಲ್ಲಿ ಇಲಿಗಳಲ್ಲಿ ಇಂಥ ಒಂದು ಅವಧಿಯನ್ನು ಗುರುತಿಸಿತು. ಮನುಷ್ಯರಲ್ಲಿ ಅದು ಗರ್ಭದ ಸುಮಾರು 8ರಿಂದ 14ನೇ ವಾರಕ್ಕೆ ಸಮ ಅಂತ ಲೆಕ್ಕ ಹಾಕುತ್ತಾರೆ. ಆ ವಾರಗಳಲ್ಲಿ ಹಾರ್ಮೋನು ಕಡಿಮೆಯಾದರೆ ಆಮೇಲೆ ಎಷ್ಟು ಕೊಟ್ಟರೂ ಪೂರ್ತಿ ಸರಿಹೋಗುವುದಿಲ್ಲ.

ವ್ಯಾಪಾರದ ಭಾಷೆಯಲ್ಲಿ ಹೇಳಬೇಕೆಂದರೆ ಇದು ಮೂಲ ಬಂಡವಾಳ. ಒಂದು ಸರ್ಟೋಲಿ ಕಣ ಇಷ್ಟೇ ವೀರ್ಯಾಣುಗಳನ್ನು ಸಾಕಬಲ್ಲದು ಅನ್ನುವ ಮಿತಿ ಇದೆ. ಆ ಕಣಗಳ ಸಂಖ್ಯೆ ಗರ್ಭದಲ್ಲಿ, ಶೈಶವದಲ್ಲಿ ಬೆಳೆದು ಹರೆಯದ ಹೊತ್ತಿಗೆ ನಿಂತುಬಿಡುತ್ತದೆ. ದೊಡ್ಡವನಾದ ಮೇಲೆ ಬೀಡಿ, ಬಿಸಿ, ನಿದ್ದೆಗೇಡಿನಿಂದ ವೀರ್ಯಾಣು ಕಡಿಮೆಯಾದರೆ ಅದು ಚಾಲ್ತಿ ನಷ್ಟ. ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಸಾಕು, ಅಭ್ಯಾಸ ಬದಲಿಸಿದರೆ ಮೂರ್ನಾಲ್ಕು ತಿಂಗಳಲ್ಲಿ ಹೆಚ್ಚಿನವರಿಗೆ ಚೇತರಿಕೆ ಕಾಣಬಹುದು. ಮೂಲ ಬಂಡವಾಳವೇ ಕೊರತೆಯಾಗಿದ್ದರೆ? ಅಂಗಡಿ ತೆರೆಯುವ ಮೊದಲೇ ನಷ್ಟ. ಡೆನ್ಮಾರ್ಕ್‌ನ ವೈದ್ಯ ನೀಲ್ಸ್ ಸ್ಕಾಕೆಬೆಕ್ 2001ರಲ್ಲಿ ಇದನ್ನೇ ಒಂದು ಸಿದ್ಧಾಂತವಾಗಿ ಮಂಡಿಸಿದರು. ಕೆಳಗಿಳಿಯದ ವೃಷಣ, ಮೂತ್ರದ್ವಾರ ತುದಿಯಲ್ಲಿರದೆ ಕೆಳಭಾಗದಲ್ಲಿ ಇರುವುದು, ಮುಂದೆ ವೀರ್ಯಾಣು ಕೊರತೆ, ಯೌವನದಲ್ಲಿ ವೃಷಣದ ಕ್ಯಾನ್ಸರ್, ಈ ನಾಲ್ಕಕ್ಕೂ ಬೇರು ಗರ್ಭದಲ್ಲೇ ಇರಬಹುದು ಅನ್ನುವುದು ಅವರ ವಾದ.

ಪಡ್ರೆಯಲ್ಲಿ ಏನಾಯಿತು

ಈಗ ಪಡ್ರೆಗೆ ಬರೋಣ. ಎಣ್ಮಕಜೆ ಪಂಚಾಯತ್‌ನ ಈ ಊರು ಪುತ್ತೂರು, ವಿಟ್ಲದ ಕಡೆಯವರಿಗೆ ಗುಡ್ಡದಾಚೆ. ಕೇರಳ ತೋಟಗಾರಿಕಾ ನಿಗಮ ಕಾಸರಗೋಡಿನ ಸುಮಾರು 4,600 ಹೆಕ್ಟೇರ್ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ಡಿಸೆಂಬರ್‌ವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ. ಕೃಷಿ ಪತ್ರಕರ್ತ ಶ್ರೀಪಡ್ರೆಯವರು ವಿಕಲ ಕರುಗಳು ಹುಟ್ಟುವುದನ್ನು ಕಂಡು ಬಹಳ ಮೊದಲೇ ಬರೆದಿದ್ದರು. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ಬಳಿ ಬರುವ ರೋಗಿಗಳ ಪಟ್ಟಿ ಇಟ್ಟುಕೊಂಡು ಎಲ್ಲೆಲ್ಲಿಗೋ ಪತ್ರ ಬರೆದರು. ಪೆರಿಯದ ಲೀಲಾಕುಮಾರಿ ಅಮ್ಮ 1998ರಲ್ಲಿ ಕೋರ್ಟಿಗೆ ಹೋಗಿ ತಮ್ಮ ಊರಲ್ಲಿ ಸಿಂಪಡಣೆಗೆ ತಡೆ ತಂದರು. ಹಳ್ಳಿಯ ಸಾಮಾನ್ಯ ಜನ ಹೇಳಿದ್ದನ್ನು ವ್ಯವಸ್ಥೆ ಕೇಳಿಸಿಕೊಂಡಿದ್ದು ಅಷ್ಟು ತಡವಾಗಿ.

ನಮ್ಮ ವಿಷಯಕ್ಕೆ ಸಂಬಂಧಿಸಿದ ಅಧ್ಯಯನ ಮಾಡಿದ್ದು ಅಹ್ಮದಾಬಾದ್‌ನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ. ಹಬೀಬುಲ್ಲಾ ಸಯ್ಯದ್ ನೇತೃತ್ವದ ತಂಡ ಪಡ್ರೆಯ 10ರಿಂದ 19 ವರ್ಷದ 117 ಹುಡುಗರನ್ನೂ, ಎಂಡೋಸಲ್ಫಾನ್ ಸಿಂಪಡಣೆ ಇಲ್ಲದ ಊರಿನ 90 ಹುಡುಗರನ್ನೂ ಪರೀಕ್ಷಿಸಿತು. ವರದಿ 2003ರಲ್ಲಿ ಅಂತಾರಾಷ್ಟ್ರೀಯ ವೈದ್ಯ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಸಿಂಪಡಣೆ ನಿಂತು ತಿಂಗಳುಗಳೇ ಕಳೆದಿದ್ದರೂ ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಇತ್ತು, ಹೋಲಿಕೆಯ ಊರಿಗಿಂತ ಸರಾಸರಿ ಐದು ಪಟ್ಟು ಹೆಚ್ಚು. ಅದೇ ವಯಸ್ಸಿನ ಬೇರೆ ಹುಡುಗರಿಗಿಂತ ಇವರಲ್ಲಿ ಪ್ರೌಢತೆಯ ಲಕ್ಷಣಗಳು ತಡವಾಗಿದ್ದವು. ಟೆಸ್ಟೋಸ್ಟಿರಾನ್ ಕಡಿಮೆ, ಅದನ್ನು ತಯಾರಿಸು ಅಂತ ಮೆದುಳಿನಿಂದ ಬರುವ ಹಾರ್ಮೋನು ಹೆಚ್ಚು. ಅಂದರೆ ಮೇಲಿನಿಂದ ಆರ್ಡರ್ ಬರುತ್ತಿದೆ, ಕೆಳಗೆ ಮಾಲು ತಯಾರಾಗುತ್ತಿಲ್ಲ.

ವೃಷಣ ಕೆಳಗಿಳಿಯುವ ಪ್ರಕ್ರಿಯೆಗೆ ಸಂಬಂಧಿಸಿದ ಜನ್ಮದೋಷಗಳು ಪಡ್ರೆಯಲ್ಲಿ ನೂರಕ್ಕೆ 5.1, ಹೋಲಿಕೆಯ ಊರಲ್ಲಿ ನೂರಕ್ಕೆ 1.1. ಇಲ್ಲಿ ಒಂದು ಎಚ್ಚರ ಬೇಕು. ಪರೀಕ್ಷಿಸಿದ ಹುಡುಗರ ಸಂಖ್ಯೆ ಸಣ್ಣದಾದ್ದರಿಂದ ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ಪ್ರಕಾರ ಸಾಬೀತಾಗಿದ್ದಲ್ಲ ಅಂತ ಅಧ್ಯಯನ ಮಾಡಿದವರೇ ಬರೆದಿದ್ದಾರೆ. ಕೀಟನಾಶಕ ಉದ್ಯಮದ ಕಡೆಯವರು ಇಡೀ ಅಧ್ಯಯನಕ್ಕೇ ಆಕ್ಷೇಪ ಎತ್ತಿದರು. ವಾಟ್ಸ್‌ಆ್ಯಪ್‌ನಲ್ಲಿ ಬರುವಂತೆ 'ಎಲ್ಲ ಸಾಬೀತಾಗಿದೆ' ಅಂತ ನಾವು ಹೇಳಬಾರದು. ಆದರೆ ತಡವಾದ ಪ್ರೌಢತೆ ಮತ್ತು ಹಾರ್ಮೋನಿನ ವ್ಯತ್ಯಾಸ ಅಷ್ಟೇ ಸಾಕು ಎಚ್ಚರಗೊಳ್ಳಲು.

ಆಮೇಲಿನ ಕತೆ ಎಲ್ಲರಿಗೂ ಗೊತ್ತು. 2011ರ ಫೆಬ್ರವರಿಯಲ್ಲಿ ಕರ್ನಾಟಕ ನಿಷೇಧಿಸಿತು. ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ನೀಡಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಿ ಅಂತ ಕೇರಳಕ್ಕೆ ಆದೇಶಿಸಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟ್ ನೋಡಿದಾಗ 3,704 ಸಂತ್ರಸ್ತರ ಪೈಕಿ ಪರಿಹಾರ ಸಿಕ್ಕಿದ್ದು ಕೇವಲ 8 ಮಂದಿಗೆ. ನಮ್ಮ ದಕ್ಷಿಣ ಕನ್ನಡದಲ್ಲಿ ಕೊಕ್ಕಡ, ಕೊಯಿಲದ ಪಾಲನಾ ಕೇಂದ್ರಗಳಿಗೆ ಒಮ್ಮೆ ಹೋಗಿ ಬನ್ನಿ. ನಷ್ಟ ಒಂದು ಪೀಳಿಗೆಯದು, ಪರಿಹಾರ ಇನ್ನೊಂದು ಪೀಳಿಗೆಗೆ ಬಂದರೆ ಅದು ಪರಿಹಾರವೇ ಅಲ್ಲ.

ನೀರಿನ ದಾರಿ, ಕಾನೂನಿನ ದಾರಿ

ಗೇರು ತೋಟಕ್ಕೂ ಫಾರ್ಮಾಕ್ಕೂ ಏನು ಸಂಬಂಧ ಅಂತ ಕೇಳಬಹುದು. ವಿಷ ಬೇರೆ, ಮಾದರಿ ಒಂದೇ. ಜಹೀರಾಬಾದ್ ಇರುವ ಸಂಗಾರೆಡ್ಡಿ ಜಿಲ್ಲೆಯಲ್ಲೇ ಪಟಾನ್‌ಚೆರು ಇದೆ. 2007ರಲ್ಲಿ ಸ್ವೀಡನ್ನಿನ ಜೋಕಿಂ ಲಾರ್ಸನ್ ತಂಡ ಅಲ್ಲಿನ ಸಾಮೂಹಿಕ ತ್ಯಾಜ್ಯ ಶುದ್ಧೀಕರಣ ಘಟಕದಿಂದ ಹೊರಬರುವ ನೀರನ್ನು ಪರೀಕ್ಷಿಸಿತು. ಸುಮಾರು 90 ಔಷಧ ತಯಾರಕರ ತ್ಯಾಜ್ಯ ಬರುವ ಘಟಕ ಅದು. ಶುದ್ಧ ಮಾಡಿ ಬಿಟ್ಟ ನೀರಿನಲ್ಲೇ ಸಿಪ್ರೊಫ್ಲೊಕ್ಸಾಸಿನ್ ಮಾತ್ರೆಯ ಅಂಶ ಲೀಟರಿಗೆ 31 ಮಿಲಿಗ್ರಾಂವರೆಗೆ ಇತ್ತು. ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟಿರುವುದಿಲ್ಲ. ಸಿಪ್ರೊಫ್ಲೊಕ್ಸಾಸಿನ್‌ನಿಂದ ಗಂಡಸರ ಸಮಸ್ಯೆ ಬಂತು ಅಂತ ಈ ಅಧ್ಯಯನ ಹೇಳುವುದಿಲ್ಲ. ಅದು ತೋರಿಸಿದ್ದು ಇಷ್ಟೇ: ಕಾಗದದ ಮೇಲೆ ಶುದ್ಧೀಕರಣ ಘಟಕ ಇದ್ದ ಮಾತ್ರಕ್ಕೆ ನೀರು ಶುದ್ಧವಲ್ಲ. ಅಲ್ಲಿನ ವೈದ್ಯ ಡಾ. ಕಿಶನ್ ರಾವ್ ದಶಕಗಟ್ಟಲೆ ಈ ಹೋರಾಟ ನಡೆಸಿದರು. ಪಟಾನ್‌ಚೆರುವಿನ ಕೊಳೆ ನಕ್ಕವಾಗು ಹಳ್ಳದ ಮೂಲಕ ಸೇರುವುದು ಮಂಜೀರಾ ನದಿಗೆ.

ಮಂಜೀರಾ ಬೀದರ್ ದಾಟಿ ನ್ಯಾಲ್ಕಲ್, ನಾರಾಯಣಖೇಡ್ ಕಡೆ ಹರಿದು ಸಿಂಗೂರು ಜಲಾಶಯ ತುಂಬುತ್ತದೆ. ಹೈದರಾಬಾದ್ ಕುಡಿಯುವುದು ಆ ನೀರನ್ನು. ತಾಂಡೂರಿನ ಕಾಗಿಣಾ ನದಿ ಹರಿಯುವುದು ಉಲ್ಟಾ ದಿಕ್ಕಿಗೆ, ಸೇಡಂ, ಚಿತ್ತಾಪುರದ ಮೂಲಕ ಭೀಮಾ ನದಿಗೆ. ಅಂದರೆ ಒಂದು ಕಡೆ ನಾವು ಬಿಟ್ಟ ನೀರು ಅವರಿಗೆ, ಇನ್ನೊಂದು ಕಡೆ ಅವರು ಬಿಟ್ಟ ನೀರು ನಮಗೆ. ಬೀದರ್‌ನ ಕೊಳಾರ ಕೈಗಾರಿಕಾ ಪ್ರದೇಶದ ವಾಸನೆಯ ಬಗ್ಗೆ ಸುತ್ತಲಿನ ಹಳ್ಳಿಗಳು ದೂರುತ್ತಲೇ ಬಂದಿವೆ. ಗಡಿ ಇರುವುದು ನಕ್ಷೆಯಲ್ಲಿ, ನೀರಿನಲ್ಲಲ್ಲ.

ಕಾನೂನಿನಲ್ಲಿ ಒಂದು ಸೂಕ್ಷ್ಮ ಇದೆ, ಅದನ್ನು ಯುವಕರು ತಿಳಿದಿರಬೇಕು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ವಿಚಾರಣೆ ನಡೆಯಬೇಕು. ಆದರೆ ಒಪ್ಪಿಗೆ ಪಡೆದ ಕೈಗಾರಿಕಾ ಎಸ್ಟೇಟಿನ ಒಳಗೆ ಬರುವ ಕಾರ್ಖಾನೆಗೆ ಆ ವಿಚಾರಣೆಯಿಂದ ವಿನಾಯಿತಿ. ಹೊರಗಿನ ಗೇಟಿಗೆ ಒಮ್ಮೆ ಒಪ್ಪಿಗೆ ಸಿಕ್ಕಿತು ಅಂದರೆ ಒಳಗೆ ಯಾರು ಬರುತ್ತಾರೆ, ಏನು ತಯಾರಿಸುತ್ತಾರೆ ಅಂತ ಊರಿನವರು ಒಂದೊಂದಾಗಿ ಕೇಳುವ ಅವಕಾಶ ಇಲ್ಲ. ಕೊರೊನಾ ಕಾಲದಲ್ಲಿ, 2020ರ ಮಾರ್ಚ್‌ನಲ್ಲಿ, ಔಷಧದ ಮೂಲ ರಾಸಾಯನಿಕ ತಯಾರಿಸುವ ಘಟಕಗಳಿಗೂ ತಾತ್ಕಾಲಿಕವಾಗಿ ಇಂಥ ಸಡಿಲಿಕೆ ಸಿಕ್ಕಿತ್ತು. ಹಾಗಾಗಿ ಪ್ರಶ್ನೆ ಕೇಳಬೇಕಾದ್ದು ಮೊದಲ ಹಂತದಲ್ಲೇ.

ಹೊಲದ ವಿಷದ ಕತೆಯೂ ಇಷ್ಟೇ. ಈ ಮೂರೂ ತಾಲೂಕುಗಳು ಹತ್ತಿ, ತೊಗರಿಯ ನೆಲ, ಎರಡೂ ಬೆಳೆಗೆ ಕಾಯಿಕೊರಕದ ಕಾಟ, ಔಷಧಿ ಹೊಡೆಯದೆ ಬೆಳೆ ಕೈಗೆ ಬರಲ್ಲ ಅನ್ನುವವರೇ ಹೆಚ್ಚು. ಕೇಂದ್ರ ಸರಕಾರ 2020ರಲ್ಲಿ 27 ಕೀಟನಾಶಕಗಳನ್ನು ನಿಷೇಧಿಸುವ ಕರಡು ಹೊರಡಿಸಿತು. 2023ರಲ್ಲಿ ಅಂತಿಮ ಆದೇಶ ಬಂದಾಗ ಉಳಿದದ್ದು ಬೆರಳೆಣಿಕೆಯಷ್ಟು. ಇವತ್ತಿಗೂ ನಾವು 1968ರ ಕೀಟನಾಶಕ ಕಾಯ್ದೆಯ ಅಡಿಯಲ್ಲೇ ಇದ್ದೇವೆ.

ಹಾಗಂತ ಕಾರ್ಖಾನೆಯೇ ಬೇಡ ಅನ್ನುವುದು ನನ್ನ ವಾದವಲ್ಲ. ಕೆಲಸ ಬೇಕು. ನಾರಾಯಣಖೇಡ್‌ನ ಯುವಕರು ಹೈದರಾಬಾದ್‌ಗೆ, ನಮ್ಮವರು ದುಬೈ, ದಮ್ಮಾಮ್‌ಗೆ ಹೋಗುವುದು ಊರಲ್ಲಿ ಕೆಲಸ ಇಲ್ಲದೆಯೇ. ಆದರೆ ಅದೇ ಜಹೀರಾಬಾದ್‌ನಲ್ಲಿ ಇನ್ನೊಂದು ದಾರಿಯೂ ಇದೆ. ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ 1983ರಿಂದ ಕೆಲಸ ಮಾಡುತ್ತಿದೆ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಪಿ.ವಿ. ಸತೀಶ್ ಮೈಸೂರಿನವರು, 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಅಲ್ಲಿನ ದಲಿತ ಹೆಣ್ಣುಮಕ್ಕಳ ಸಂಘಗಳು ರಾಸಾಯನಿಕ ಹಾಕದೆ ಸಿರಿಧಾನ್ಯ, ತೊಗರಿ ಸೇರಿಸಿ ಬೆಳೆಯುತ್ತವೆ, ಬೀಜ ಉಳಿಸಿಕೊಳ್ಳುತ್ತವೆ, ಮಾಚನೂರಿನಿಂದ ತಮ್ಮದೇ ಸಂಘಂ ರೇಡಿಯೊ ನಡೆಸುತ್ತವೆ. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಗರ್ಭಿಣಿ ಕೂಲಿಯಾಳು ವಿಷ ಮುಟ್ಟದೆ ಕಳೆ ಕೀಳಬಹುದಾದ ಹೊಲ ಅದು. ಅಭಿವೃದ್ಧಿಯ ಲೆಕ್ಕದಲ್ಲಿ ಇದಕ್ಕೂ ಒಂದು ಕಾಲಂ ಇರಬೇಕಲ್ಲವೇ?

ನಮ್ಮ ಮನೆಯೊಳಗಿನ ಮಾತು

ಈಗ ಸ್ವಲ್ಪ ನಮ್ಮ ಕಡೆ ನೋಡಿಕೊಳ್ಳೋಣ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿ ಪ್ರಕಾರ ಜಗತ್ತಿನಲ್ಲಿ ಆರು ಮಂದಿಯಲ್ಲಿ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಬಂಜೆತನದ ಸಮಸ್ಯೆ ಎದುರಿಸುತ್ತಾರೆ. ಇಸ್ರೇಲಿನ ಹಗಾಯ್ ಲೆವಿನ್ ತಂಡ 2022ರಲ್ಲಿ ಜಗತ್ತಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ 1973ರಿಂದ 2018ರ ನಡುವೆ ವೀರ್ಯಾಣುಗಳ ಸರಾಸರಿ ಸಾಂದ್ರತೆ ಮಿಲಿಲೀಟರಿಗೆ 101 ಮಿಲಿಯನ್‌ನಿಂದ 49 ಮಿಲಿಯನ್‌ಗೆ ಇಳಿದಿತ್ತು. ಹಳೆಯ ಎಣಿಕೆಯ ವಿಧಾನ ಸರಿ ಇತ್ತೇ ಅನ್ನುವ ಬಗ್ಗೆ ವಿಜ್ಞಾನಿಗಳ ನಡುವೆ ತಕರಾರು ಇದೆ. ಆದರೆ ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ ಅನ್ನುವುದರಲ್ಲಿ ತಕರಾರಿಲ್ಲ.

ನಮ್ಮ ಮನೆಗಳಲ್ಲಿ ಏನಾಗುತ್ತದೆ? ನಿಕಾಹ್ ಆಗಿ ಎರಡು ವರ್ಷ ಆಯ್ತು ಅಂದರೆ ಮದುವೆ ಮನೆಯಲ್ಲಿ, ತೊಟ್ಟಿಲು ಕಾರ್ಯಕ್ರಮದಲ್ಲಿ ಪ್ರಶ್ನೆ ಹೋಗುವುದು ಮರ್ಮೊಳಿಗೆ. "ಇನ್ನೂ ವಿಶೇಷ ಏನೂ ಇಲ್ವಾ?" ಮೊದಲು ಸ್ಕ್ಯಾನಿಂಗ್ ಅವಳಿಗೆ, ರಕ್ತ ಪರೀಕ್ಷೆ ಅವಳಿಗೆ, ಮಾತ್ರೆ ಅವಳಿಗೆ, ಹರಕೆ ಅವಳಿಗೆ. ಗಂಡನ ವೀರ್ಯ ಪರೀಕ್ಷೆ ಕೊನೆಗೆ, ಅದೂ ಗಂಡ ಒಪ್ಪಿದರೆ. ಖರ್ಚಿನ ಲೆಕ್ಕ ಹಾಕಿ. ವೀರ್ಯ ಪರೀಕ್ಷೆಗೆ ಕೆಲವು ನೂರು ರೂಪಾಯಿ, ಐವಿಎಫ್‌ಗೆ ಲಕ್ಷದ ಮೇಲೆ. ಯಾವುದನ್ನು ಮೊದಲು ಮಾಡಬೇಕು ಅನ್ನುವುದಕ್ಕೆ ಬಿ.ಕಾಂ. ಡಿಗ್ರಿ ಬೇಕಾಗಿಲ್ಲ. ಪರೀಕ್ಷೆ ಮಾಡದೆ ಹೆಣ್ಣಿನ ಮೇಲೆ ಆರೋಪ ಹೊರಿಸಿ ತಲಾಕ್, ಎರಡನೇ ಮದುವೆ ಅಂತ ಮಾತು ಎತ್ತುವುದು ಶುದ್ಧ ಅನ್ಯಾಯ. ಇಂಥ ತಕರಾರು ಬಂದಾಗ ಇಬ್ಬರದೂ ವೈದ್ಯಕೀಯ ವರದಿ ಇಲ್ಲದೆ ಮಾತುಕತೆ ಇಲ್ಲ ಅಂತ ನಮ್ಮ ಜಮಾಅತ್‌ಗಳು ಹೇಳಬೇಕು.

ಗಲ್ಫ್ ಕುಟುಂಬಗಳ ಕತೆ ಬೇರೆ. ವರ್ಷಕ್ಕೆ ಒಂದೂವರೆ ತಿಂಗಳ ರಜೆಯಲ್ಲಿ ಬಂದು ಹೋಗುವ ಗಂಡ, ಮೂರು ವರ್ಷ ಆಯ್ತು ಮಕ್ಕಳಿಲ್ಲ ಅಂತ ಚಿಂತೆ. ವೈದ್ಯರ ಲೆಕ್ಕದಲ್ಲಿ ದಂಪತಿ ಒಟ್ಟಿಗೆ ಒಂದು ವರ್ಷ ಕಳೆದ ಮೇಲೂ ಆಗದಿದ್ದರೆ ಅದು ಬಂಜೆತನ. ಮೂರು ರಜೆ ಸೇರಿದರೂ ಆರು ತಿಂಗಳಾಗಲ್ಲ. ಹೆಂಡತಿಯ ವಯಸ್ಸು 35 ದಾಟಿದ್ದರೆ ಮಾತ್ರ ಇಷ್ಟು ಕಾಯದೆ ವೈದ್ಯರನ್ನು ಕಾಣಬೇಕು.

ಯುವಕರಿಗೆ ನೇರವಾಗಿ ಎರಡು ಮಾತು. ಒಂದು, ಜಿಮ್‌ನಲ್ಲಿ ಬೇಗ ಮೈ ಕಟ್ಟಲು ಟೆಸ್ಟೋಸ್ಟಿರಾನ್ ಇಂಜೆಕ್ಷನ್ ತೆಗೆದುಕೊಳ್ಳಬೇಡಿ. ಹೊರಗಿನಿಂದ ಹಾರ್ಮೋನು ಬಂದರೆ ಒಳಗಿನ ಉತ್ಪಾದನೆ ನಿಲ್ಲುತ್ತದೆ, ವೀರ್ಯಾಣು ಸೊನ್ನೆಗೂ ಇಳಿಯಬಹುದು. ನೋಡಲು ಪೈಲ್ವಾನ, ವರದಿಯಲ್ಲಿ ಸೊನ್ನೆ. ಎರಡು, ಬಸ್‌ಸ್ಟ್ಯಾಂಡ್ ಗೋಡೆಯ ಮೇಲಿನ 'ಗುಪ್ತ ರೋಗ' ಜಾಹೀರಾತಿಗೆ ದುಡ್ಡು ಸುರಿಯಬೇಡಿ. ಬೇಕರಿಯ ಓವನ್ ಮುಂದೆ, ಹೋಟೆಲಿನ ತಂದೂರ್ ಮುಂದೆ, ಲಾರಿಯ ಸೀಟಿನಲ್ಲಿ ದಿನಕ್ಕೆ ಹತ್ತು ಗಂಟೆ ಕೂರುವವರು ನಮ್ಮಲ್ಲಿ ಬಹಳ ಮಂದಿ. ವೃಷಣಕ್ಕೆ ದೇಹಕ್ಕಿಂತ ಎರಡು ಮೂರು ಡಿಗ್ರಿ ತಂಪು ಬೇಕು, ಅದಕ್ಕೇ ಅದು ಹೊರಗಿರುವುದು. ನಡುನಡುವೆ ಎದ್ದು ಓಡಾಡಿ, ಬಿಗಿ ಬಟ್ಟೆ ಬಿಡಿ, ಬೀಡಿ ಸಿಗರೇಟ್ ಬಿಡಿ.

ಏನು ಮಾಡಬಹುದು

ಮನೆಯ ಮಟ್ಟದಲ್ಲಿ ಮೊದಲನೆಯದು, ಗಂಡು ಮಗು ಹುಟ್ಟಿದಾಗ ಎರಡೂ ವೃಷಣ ಕೆಳಗಿವೆಯಾ ಅಂತ ಮಕ್ಕಳ ವೈದ್ಯರಲ್ಲಿ ಕೇಳಿ. ತಿಂಗಳು ತುಂಬಿ ಹುಟ್ಟಿದ ಮಕ್ಕಳಲ್ಲಿ ನೂರಕ್ಕೆ ಒಂದರಿಂದ ನಾಲ್ಕರಷ್ಟು ಮಕ್ಕಳಿಗೆ ಈ ಸಮಸ್ಯೆ ಇರುತ್ತದೆ, ಹೆಚ್ಚಿನವು ಕೆಲವು ತಿಂಗಳಲ್ಲಿ ತಾನಾಗಿ ಸರಿಯಾಗುತ್ತವೆ. ಆರು ತಿಂಗಳಾದರೂ ಇಳಿಯದಿದ್ದರೆ ಕಾಯಬಾರದು, ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆ ಆಗಬೇಕು. ಮೂತ್ರದ್ವಾರ ತುದಿಯಲ್ಲಿ ಇಲ್ಲದಿದ್ದರೆ ಸುನ್ನತ್ ಮಾಡಿಸುವ ಮೊದಲು ವೈದ್ಯರನ್ನು ಕಾಣಲೇಬೇಕು. ಅದನ್ನು ಸರಿಪಡಿಸುವ ಆಪರೇಶನ್‌ಗೆ ಆ ಚರ್ಮವೇ ಬೇಕಾಗಬಹುದು. ಇದು ನಮ್ಮ ಸಮುದಾಯದ ಪ್ರತಿ ತಂದೆ ತಾಯಿಗೂ ಗೊತ್ತಿರಬೇಕಾದ ವಿಷಯ.

ಎರಡನೆಯದು, ಗರ್ಭಿಣಿಯನ್ನು ಮೊದಲ ಮೂರು ತಿಂಗಳು ಔಷಧಿ ಹೊಡೆದ ಹೊಲ, ತೋಟದಿಂದ, ಪೇಂಟ್, ಥಿನ್ನರ್ ವಾಸನೆಯಿಂದ ದೂರ ಇಡಿ. ಬಿಸಿ ಸಾರನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಪಾರ್ಸೆಲ್ ತರುವುದು ಬೇಡ. ಪ್ಲಾಸ್ಟಿಕ್ ಮೆದುವಾಗಿಸುವ ಥ್ಯಾಲೇಟ್ ಅನ್ನುವ ರಾಸಾಯನಿಕಗಳು ಗರ್ಭದಲ್ಲಿರುವ ಗಂಡು ಇಲಿಗಳ ಟೆಸ್ಟೋಸ್ಟಿರಾನ್ ಕಡಿಮೆ ಮಾಡುತ್ತವೆ. ಎಳೆ ಇಲಿಗಳಿಗೆ ಕೊಟ್ಟಾಗ ವೃಷಣದೊಳಗೆ ರೋಗ ನಿರೋಧಕ ಕಣಗಳು ಅತಿಯಾಗಿ ನುಗ್ಗುವುದೂ ಕಂಡಿದೆ. ವೈದ್ಯರು ಬರೆದ ಮಾತ್ರೆಯನ್ನು ಹೆದರಿ ನಿಲ್ಲಿಸಬೇಡಿ, ತಾನಾಗಿ ಮೆಡಿಕಲ್‌ನಿಂದ ತಂದು ನುಂಗಲೂ ಬೇಡಿ.

ಮೂರನೆಯದು ಲಸಿಕೆ. ಹರೆಯ ದಾಟಿದ ಹುಡುಗರಿಗೆ ಮಂಗನಬಾವು ಬಂದರೆ ಹಲವರಲ್ಲಿ ಅದು ವೃಷಣಕ್ಕೂ ಇಳಿಯುತ್ತದೆ. ಸರಕಾರಿ ಪಟ್ಟಿಯಲ್ಲಿ ದಡಾರ, ರುಬೆಲ್ಲಾ ಲಸಿಕೆ ಮಾತ್ರ ಇದೆ, ಮಂಗನಬಾವಿನದ್ದು ಸೇರಿಲ್ಲ. ಖಾಸಗಿಯಲ್ಲಿ ಮೂರೂ ಸೇರಿದ ಲಸಿಕೆ ಸಿಗುತ್ತದೆ, ಮಕ್ಕಳ ವೈದ್ಯರಲ್ಲಿ ವಿಚಾರಿಸಿ.

ಸರಕಾರದ ಮಟ್ಟದಲ್ಲಿ ಕೇಳಬೇಕಾದ್ದು ಒಂದೇ ಮುಖ್ಯ ವಿಷಯ: ಆರಂಭದ ಲೆಕ್ಕ. ವ್ಯಾಪಾರ ಶುರು ಮಾಡುವ ದಿನ ಸ್ಟಾಕ್ ಎಷ್ಟಿತ್ತು ಅಂತ ಬರೆದಿಡದವನು ವರ್ಷದ ಕೊನೆಗೆ ಲಾಭ ನಷ್ಟ ಹೇಳಲಾರ. ಪಡ್ರೆಯಲ್ಲಿ ಆದದ್ದು ಇದೇ. ಸಿಂಪಡಣೆಗೆ ಮೊದಲು ಊರಿನ ಮಕ್ಕಳ ಆರೋಗ್ಯ ಹೇಗಿತ್ತು ಅನ್ನುವ ದಾಖಲೆ ಯಾರಲ್ಲೂ ಇರಲಿಲ್ಲ. ಹಾಗಾಗಿ ಜನ ಕೋರ್ಟಿನಲ್ಲಿ ವರ್ಷಗಟ್ಟಲೆ ಸಾಬೀತು ಮಾಡುತ್ತಾ ಕೂರಬೇಕಾಯಿತು. 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿದ ಮಕ್ಕಳ ಒಂಬತ್ತು ಜನ್ಮದೋಷಗಳನ್ನು ಗುರುತಿಸುವ ಪಟ್ಟಿ ಇದೆ. ಕೆಳಗಿಳಿಯದ ವೃಷಣ ಆ ಪಟ್ಟಿಯಲ್ಲಿಲ್ಲ. ಅದನ್ನು ಸೇರಿಸಲು ಹೊಸ ಯಂತ್ರ ಬೇಡ, ದಾದಿಯ ಕೈ ಮತ್ತು ರಿಜಿಸ್ಟರಿನಲ್ಲಿ ಒಂದು ಕಾಲಂ ಸಾಕು. ಜಹೀರಾಬಾದ್, ನಾರಾಯಣಖೇಡ್, ತಾಂಡೂರಿನ ಸರಕಾರಿ ಆಸ್ಪತ್ರೆಗಳಲ್ಲಿ ಕಾರ್ಖಾನೆ ಬರುವ ಮೊದಲೇ ಈ ದಾಖಲೆ ಶುರುವಾಗಬೇಕು. ಬಾವಿ, ಬೋರ್‌ವೆಲ್ ನೀರಿನ ಪರೀಕ್ಷೆಯ ವರದಿ ತೆಲುಗಿನ ಜೊತೆ ಕನ್ನಡ, ಉರ್ದುವಿನಲ್ಲೂ ಪಂಚಾಯತ್ ಗೋಡೆಯ ಮೇಲೆ ಬರಬೇಕು. ಗಡಿಯ ಈಚೆ ಬೀದರ್, ಕಲಬುರಗಿಯಲ್ಲೂ ಇದೇ ಕೆಲಸ ಆಗಬೇಕು. ಯಾಕೆಂದರೆ ನದಿ ಎರಡು ಕಡೆಯದ್ದು.

ಭೂಮಿಗೆ ಎಕರೆ ಲೆಕ್ಕದಲ್ಲಿ ಬೆಲೆ ಕಟ್ಟಬಹುದು, ಚೆಕ್ ಬರೆಯಬಹುದು. ಎಂಟನೇ ವಾರದ ಭ್ರೂಣದಲ್ಲಿ ಆದ ನಷ್ಟಕ್ಕೆ ಯಾವ ಸರಕಾರವೂ ಚೆಕ್ ಬರೆಯಲಾರದು. ಅದು ಗೊತ್ತಾಗುವುದೇ ಇಪ್ಪತ್ತೈದು ವರ್ಷದ ನಂತರ, ಮದುವೆಯಾದ ಮೇಲೆ. ಅಷ್ಟು ಹೊತ್ತಿಗೆ ಸಹಿ ಹಾಕಿದ ಅಧಿಕಾರಿ ನಿವೃತ್ತ, ಕಂಪನಿಯ ಹೆಸರು ಬದಲಾಗಿರುತ್ತದೆ, ಪ್ರಶ್ನೆ ಮಾತ್ರ ಮತ್ತೆ ಆ ಮನೆಯ ಮರ್ಮೊಳಿಗೇ ಹೋಗುತ್ತದೆ.